ಬರೇ ಕಷಾಯ

ಆಟಿ ಅಮಾವಾಸ್ಯೆಯ ಬೆಳಗು ಕನ್ಯಾನದಲ್ಲಿ ಕಹಿಯಿಂದಲೇ ಆರಂಭವಾಗುತ್ತದೆ. ಮೂಡು ಬಿಳುಪೇರುವ ಮೊದಲೇ ಮನೆಯ ಗಂಡಸೊಬ್ಬನು ಗುಡ್ಡದ ಹಾಲೆಮರದ ಬುಡಕ್ಕೆ ಹೋಗಿ, ಕತ್ತಿಯನ್ನು ಸೋಕಿಸದೆ ಕಲ್ಲಿನಿಂದಲೇ ಜಜ್ಜಿ, ತೊಗಟೆಯನ್ನು ಎಬ್ಬಿಸಿ ತರುತ್ತಾನೆ. ಓಮ, ಬೆಳ್ಳುಳ್ಳಿ, ಕರಿಮೆಣಸುಗಳೊಡನೆ ಅದನ್ನು ಅರೆದು ಹಿಂಡಿ, ಕೆಂಡದಲ್ಲಿ ಕಾದ ಬೆಣಚುಕಲ್ಲನ್ನು ಆ ರಸದಲ್ಲಿ ಮುಳುಗಿಸಿ, ಬರಿಹೊಟ್ಟೆಯಲ್ಲಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಮಕ್ಕಳ ಮುಖ ಸೊಟ್ಟಗಾಗುತ್ತದೆ. ಆಮೇಲೆ ಬರುವ ಮೆಂತೆಯ ಗಂಜಿ ಆ ಕಹಿಗೂ ಉಷ್ಣಕ್ಕೂ ಸಮಾಧಾನ.

ಈ ಆಚರಣೆಯಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ಜಾಣತನವುಂಟು. ತಿಳಿದ ಹಿರಿಯರು ಹಿಂದಿನ ದಿನದ ಬೆಳಕಿನಲ್ಲಿಯೇ ಮರವನ್ನು ಗುರುತು ಮಾಡಿ ಬಂದಿರುತ್ತಾರೆ. ಕತ್ತಲಿನಲ್ಲಿ ಕೈಗೆ ಸಿಕ್ಕಿದ ಮರದ ತೊಗಟೆಯನ್ನು ತಂದು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಈ ಜಿಲ್ಲೆಯಿಂದ ಬಂದದ್ದಿದೆ. ಹಾಲೆಯೆಂದು ಭ್ರಮಿಸಿ ಕಾಸರಕನ ತೊಗಟೆಯನ್ನು ತಂದರೆ ಕುಡಿದವನ ಗತಿಯೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರದ ಹೆಸರು ತಪ್ಪಿದರೆ ಭಕ್ತಿ ಕಾಪಾಡುವುದಿಲ್ಲವೆಂಬುದು ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಬಂಟ್ವಾಳ ತಾಲೂಕಿನ ತೆಂಕಣ ಅಂಚಿನ ಈ ಊರಿನಿಂದ ಕಾಸರಗೋಡಿನ ಗಡಿ ದೂರವಿಲ್ಲ. ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಹವ್ಯಕ ಕನ್ನಡ, ಅದರಾಚೆ ಮಲೆಯಾಳ. ಮಾತು ಬೇರೆಯಾದರೂ ಮದ್ದಿನ ಹೆಸರು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಕನ್ನಡದವನಿಗೆ ಮದ್ದು, ತುಳುವನಿಗೆ ಮರ್ದ್, ಮಲೆಯಾಳಿಗೆ ಮರುನ್ನ್. ರೋಗ ಕಳೆಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಆಗದವರು ಅನ್ನದಲ್ಲಿ ಬೆರೆಸಿದರೆಂದು ಜನ ಹೆದರುವುದೂ ಕೈಮದ್ದು. ಈ ಮೂರಕ್ಕೂ ಒಂದೇ ಮಾತನ್ನಿಟ್ಟ ಪೂರ್ವಿಕರು ಸುಮ್ಮನೆ ಇಟ್ಟಿರಲಾರರು. ಕಷಾಯವೆಂಬ ಮಾತಿಗೆ ಮಾತ್ರ ಈ ಭಯ ಅಂಟಿಕೊಳ್ಳಲಿಲ್ಲ. ಅದು ಅಡಿಗೆಮನೆಯ ವಸ್ತುವಾಗಿ, ಮನೆಯ ಹೆಂಗಸರ ಅಧೀನದ ವಸ್ತುವಾಗಿ ಉಳಿಯಿತು. ಕೊತ್ತಂಬರಿ ಜೀರಿಗೆಯ ಕಷಾಯವನ್ನು ಬೆಳಗ್ಗೆ ಕಾಫಿಯ ಬದಲಿಗೆ ಕುಡಿಯುವ ಸೀಮೆಯಲ್ಲಿ ಅದನ್ನು ಔಷಧವೆಂದು ಯಾರು ಎಣಿಸುತ್ತಾರೆ?

ಇಂಥ ಊರಿನ ಒಂದು ಮನೆಯನ್ನು ಓದುಗರು ಊಹಿಸಿಕೊಳ್ಳಲಿ. ಮನೆಯ ಹಿರಿಯ ಸೊಸೆಗೆ ನಲವತ್ತೈದು ದಾಟಿದೆ. ಸ್ನಾನ ಮಾಡುವಾಗ ಎಡಸ್ತನದಲ್ಲಿ ಅಡಕೆಯ ಗಾತ್ರದ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲದ ಕಾರಣ ಆರು ತಿಂಗಳು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ಎಲ್ಲವೂ ಬೇಗ ಬೇಗ ನಡೆದುಹೋದವು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಈಗ ಮೂರು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಮದ್ದು ಕೊಡಿಸಲು ಬಸ್ಸಿನಲ್ಲಿ ಹೋಗಿ ಬರಬೇಕು. ತಲೆಗೂದಲು ಕೈಗೆ ಬರುತ್ತದೆ. ಕುಚ್ಚಲಕ್ಕಿಯ ಗಂಜಿ ಕುದಿಯುವ ವಾಸನೆಗೇ ಹೊಟ್ಟೆ ತೊಳಸುತ್ತದೆ. ನಿನ್ನೆಯವರೆಗೆ ತೋಟದ ಕೆಲಸಕ್ಕೆ ಬಂದವರಿಗೆಲ್ಲ ಬಡಿಸುತ್ತಿದ್ದ ಹೆಂಗಸು ಈಗ ಚಾವಡಿಯ ಮೂಲೆಯಲ್ಲಿ ಗೋಡೆಗೊರಗಿ ಕೂತಿರುತ್ತಾಳೆ.

ನೋಡಿ ಸುಮ್ಮನಿರಲು ಅತ್ತೆಯ ಮನಸ್ಸು ಕೇಳುವುದೇ? ತೋಟದ ಬದಿಯ ಹಲವು ಮಕ್ಕಳ ಬೇರು, ಬೇಲಿಯ ಅಮೃತಬಳ್ಳಿ, ಹಿತ್ತಲಿನ ಶುಂಠಿ ಇವೆಲ್ಲ ಒಂದು ಪಾತ್ರೆಗೆ ಬಿದ್ದವು. ಸಿಂಗಾಪುರದಲ್ಲಿರುವ ಮೈದುನನು ಅತ್ತಿಗೆಯ ಮೇಲಣ ಅಕ್ಕರೆಯಿಂದ ಅಲ್ಲಿಯ ಚೀನೀ ಮದ್ದಿನ ಅಂಗಡಿಯ ಒಂದು ಪೊಟ್ಟಣವನ್ನು ಕಳುಹಿಸಿದನು. ಅದರೊಳಗೆ ತೆಳ್ಳಗೆ ಹೆರೆದ ಹಳದಿ ಬೇರಿನ ಪಟ್ಟಿಗಳು, ಘಾಟಾದ ಪರಿಮಳದ ಕಂದು ಬೇರಿನ ಹೋಳುಗಳು, ಓದಲು ಬಾರದ ಅಕ್ಷರಗಳ ಒಂದು ಚೀಟಿ. ಅದೂ ಅದೇ ಪಾತ್ರೆಗೆ ಬಿದ್ದಿತು. ಮುಂದಿನ ಸಲ ಆಸ್ಪತ್ರೆಯಲ್ಲಿ ವೈದ್ಯರು ಕೇಳಿದರು: “ಬೇರೆ ಮದ್ದು ಏನಾದರೂ ತೆಗೆದುಕೊಳ್ಳುತ್ತೀರಾ?”

“ಏನಿಲ್ಲ, ಡಾಕ್ಟ್ರೇ.”

ಹಿಂದಿರುಗುವ ಬಸ್ಸಿನಲ್ಲಿ ಸೊಸೆ ಮೆಲ್ಲನೆ, “ಹೇಳಬಹುದಿತ್ತೋ ಏನೋ, ಅತ್ತೆ,” ಎಂದಳು.

“ಹೇಳುವುದಕ್ಕೆ ಅದೇನು ಮದ್ದೇ? ಬರೇ ಕಷಾಯ!”

ಆ ಪೊಟ್ಟಣದ ಬೇರುಗಳು ಬಂದ ನಾಡಿನಲ್ಲಿ ಅವನ್ನು ಯಾರೂ ಬರೇ ಕಷಾಯವೆಂದು ಕರೆಯುವುದಿಲ್ಲ. ಸ್ತ್ರೀಯರ ಅರ್ಬುದ ರೋಗವನ್ನು ಚೀನದ ವೈದ್ಯರು ಬಹಳ ಹಿಂದೆಯೇ ಕಂಡಿದ್ದರು. 1237ರಲ್ಲಿ ಚೆನ್ ಜಿಮಿಂಗ್ ಎಂಬ ವೈದ್ಯನು ಸ್ತ್ರೀಯರ ರೋಗಗಳಿಗೆಂದೇ ರಚಿಸಿದ ದೊಡ್ಡ ಗ್ರಂಥದಲ್ಲಿ ಸ್ತನದ ಗಂಟಿನ ಪ್ರಸ್ತಾಪವಿದೆ. ಅವರು ಅದಕ್ಕಿಟ್ಟ ಹೆಸರಿನ ಅರ್ಥ ‘ಎದೆಯ ಬಂಡೆ’. ಮುಂದಿನ ಶತಮಾನದ ಜು ಡಾನ್‌ಷಿ ಎಂಬಾತನು, ಗಂಡನಿಂದಲೂ ಅತ್ತೆಮಾವಂದಿರಿಂದಲೂ ಸುಖ ಕಾಣದ ಹೆಣ್ಣಿನ ಎದೆಯಲ್ಲಿ ದಿನದಿನವೂ ನುಂಗಿದ ದುಃಖವೇ ಗಂಟಾಗಿ ಕೂಡಿಕೊಳ್ಳುತ್ತದೆಂದು ಬರೆದನು. ಕಾರಣ ಸರಿಯಲ್ಲದಿರಬಹುದು, ಹೆಂಗಸರ ಸ್ಥಿತಿಯನ್ನು ಆತ ಕಂಡದ್ದಂತೂ ಸುಳ್ಳಲ್ಲ. ಗಂಟು ನೋಯುವುದಿಲ್ಲ, ತುರಿಸುವುದಿಲ್ಲ, ಹುಣ್ಣಾದ ಮೇಲೆ ಮದ್ದಿಲ್ಲವೆಂಬುದನ್ನೂ ಆತ ಗುರುತಿಸಿದ್ದನು. ನಮ್ಮ ಸುಶ್ರುತನೂ ಅರ್ಬುದವನ್ನು ವರ್ಣಿಸುವಾಗ ಅದು ದುಂಡಗೆ, ಗಟ್ಟಿಯಾಗಿ, ಹೆಚ್ಚು ನೋಯದೆ, ನಿಧಾನವಾಗಿ ಬೆಳೆಯುವ, ಕೀವುಗಟ್ಟದ ಗಂಟೆಂದೇ ಹೇಳಿದ್ದಾನೆ. ನೋವಿಲ್ಲವೆಂದು ಆರು ತಿಂಗಳು ಸುಮ್ಮನಿದ್ದ ಸೊಸೆಗೆ ಈ ಇಬ್ಬರಲ್ಲಿ ಒಬ್ಬನ ಮಾತಾದರೂ ಕಿವಿಗೆ ಬೀಳಬೇಕಾಗಿತ್ತು.

ಇಂದು ಚೀನದ ಅನೇಕ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ, ರಾಸಾಯನಿಕ ಚಿಕಿತ್ಸೆಗಳ ಜೊತೆಗೇ ಗಿಡಮೂಲಿಕೆಯ ಕಷಾಯವನ್ನು ಕೊಡುತ್ತಾರೆ. ಗಂಟನ್ನು ಕರಗಿಸುವ ಹೊಣೆಯನ್ನು ಅದರ ಮೇಲೆ ಹೊರಿಸುವುದಕ್ಕಿಂತ ಹೆಚ್ಚಾಗಿ, ಚಿಕಿತ್ಸೆಯಿಂದ ಕುಗ್ಗಿದ ದೇಹವನ್ನು ಎತ್ತಿ ನಿಲ್ಲಿಸುವುದು ಅದರ ಕೆಲಸವೆಂದು ತಿಳಿಯುತ್ತಾರೆ. ಅವರ ಭಾಷೆಯಲ್ಲಿ ಇದಕ್ಕೆ ‘ಫುಜೆಂಗ್’ ಎನ್ನುತ್ತಾರೆ. ದೇಹದ ಸ್ವಂತ ಬಲಕ್ಕೆ ಊರುಗೋಲು ಕೊಡುವುದೆಂದು ತಾತ್ಪರ್ಯ. ಪೊಟ್ಟಣದ ಹಳದಿ ಪಟ್ಟಿ ಹುವಾಂಗ್‌ಚಿ, ಕಂದು ಹೋಳು ಡಾಂಗ್‌ಗುಯಿ. ಮೊದಲನೆಯದು ದಣಿವಿಗೆ, ಎರಡನೆಯದು ರಕ್ತಕ್ಕೂ ಮುಟ್ಟಿನ ದೋಷಗಳಿಗೂ ಹೆಸರಾದದ್ದು. ಅಲ್ಲಿಯ ವೈದ್ಯನು ನಾಡಿ ಹಿಡಿದು, ನಾಲಗೆ ನೋಡಿ, ರೋಗಿಗೆ ರೋಗಿಗೆ ಪಾಕ ಬದಲಿಸುತ್ತಾನೆ. ಅತ್ತಿಗೆಯ ನಾಡಿಯನ್ನು ಸಿಂಗಾಪುರದಿಂದ ಹಿಡಿದವರು ಯಾರೂ ಇಲ್ಲ.

ಈ ಊರುಗೋಲು ನಿಜವಾಗಿ ಭಾರ ತಾಳುತ್ತದೆಯೇ? ಸ್ತನದ ಅರ್ಬುದಕ್ಕೆ ರಾಸಾಯನಿಕ ಚಿಕಿತ್ಸೆ ಪಡೆಯುತ್ತಿದ್ದ ಸ್ತ್ರೀಯರಿಗೆ ಚೀನೀ ಮೂಲಿಕೆಗಳನ್ನು ಕೊಟ್ಟು ನೋಡಿದ ಪ್ರಯೋಗಗಳನ್ನು ಕಾಕ್ರನ್ ಸಂಸ್ಥೆಯ ವಿಮರ್ಶಕರು 2007ರಲ್ಲಿ ಒಟ್ಟುಗೂಡಿಸಿದರು. ಸಿಕ್ಕಿದ್ದು 7 ಪ್ರಯೋಗಗಳು, 542 ಸ್ತ್ರೀಯರು. ರಕ್ತಕಣಗಳು ಕುಗ್ಗುವುದನ್ನು ತಡೆಯುವುದರಲ್ಲಿ, ದಿನನಿತ್ಯದ ಜೀವನ ಸುಧಾರಿಸುವುದರಲ್ಲಿ ಅಷ್ಟಿಷ್ಟು ಪ್ರಯೋಜನ ಇರಬಹುದೆಂದು ಕಂಡಿತು. ಆದರೆ ಪ್ರಯೋಗಗಳು ಸಣ್ಣವು, ಒಂದರಲ್ಲಿ ಕೊಟ್ಟ ಪಾಕ ಇನ್ನೊಂದರಲ್ಲಿಲ್ಲ, ಆದುದರಿಂದ ಖಚಿತವಾಗಿ ಹೇಳಲಾಗದೆಂದು ಅವರು ಬರೆದರು. ಊರುಗೋಲನ್ನು ಎಸೆಯಬೇಕಾಗಿಲ್ಲ, ಅದರ ಮೇಲೆ ಪೂರ್ತಿ ಭಾರ ಹಾಕುವಂತೆಯೂ ಇಲ್ಲ.

ಶುಂಠಿಯ ವಿಷಯದಲ್ಲಿ ಇನ್ನಷ್ಟು ಧೈರ್ಯದಿಂದ ಮಾತನಾಡಬಹುದು. ಚೀನದ ವೈದ್ಯರೂ ನಮ್ಮ ಅಜ್ಜಿಯರೂ ವಾಕರಿಕೆಗೆ ಕೈಹಾಕುವುದು ಇದಕ್ಕೇ. ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ 576 ಅರ್ಬುದ ರೋಗಿಗಳ ಅನುಭವವನ್ನು ತೂಗಿ ನೋಡಿದರು. ಅವರಲ್ಲಿ ನೂರಕ್ಕೆ 91 ಮಂದಿ ಸ್ತ್ರೀಯರು. ದಿನಕ್ಕೆ ಅರ್ಧದಿಂದ 1 ಗ್ರಾಂ ಶುಂಠಿ ಸೇವಿಸಿದವರಲ್ಲಿ ಚಿಕಿತ್ಸೆಯ ಮೊದಲ ದಿನದ ವಾಕರಿಕೆ ತಗ್ಗಿತು. ಅದಕ್ಕಿಂತ ಹೆಚ್ಚು ಕೊಟ್ಟದ್ದರಿಂದ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಆ ರೋಗಿಗಳೆಲ್ಲರೂ ವೈದ್ಯರು ಕೊಟ್ಟ ವಾಂತಿಯ ಗುಳಿಗೆಯನ್ನೂ ತಪ್ಪದೆ ನುಂಗುತ್ತಿದ್ದರೆಂಬುದನ್ನು ಮರೆಯುವಂತಿಲ್ಲ. ಗುಳಿಗೆಯನ್ನು ಗುಟ್ಟಾಗಿ ಕಸಕ್ಕೆಸೆದು ಶುಂಠಿಯನ್ನು ಜಗಿದವರ ಕತೆ ಇದಲ್ಲ.

ಹಾಗಾದರೆ ಗಿಡಮರಗಳಿಗೆ ಅರ್ಬುದವನ್ನು ಎದುರಿಸುವ ಶಕ್ತಿ ಇಲ್ಲವೇ? ಇದೆ, ಮನಸ್ಸು ಬೆರಗಾಗುವಷ್ಟು ಇದೆ. ಆ ಕತೆಯ ಒಂದು ತುದಿ ಚೀನದಲ್ಲಿದ್ದರೆ ಇನ್ನೊಂದು ತುದಿ ಬೆಳ್ತಂಗಡಿಯ ಮೂಡಣಕ್ಕೆ ಗೋಡೆಯಂತೆ ನಿಂತ ಪಶ್ಚಿಮ ಘಟ್ಟದ ಸಾಲಿನಲ್ಲಿದೆ.

ದಕ್ಷಿಣ ಚೀನದಲ್ಲಿ ಷಿಷು ಎಂಬ ಎತ್ತರದ ಮರವೊಂದು ಬೆಳೆಯುತ್ತದೆ. ಹೆಸರಿನ ಅರ್ಥ ‘ಸಂತೋಷದ ಮರ’. ಅಮೆರಿಕಕ್ಕೆ ತಂದು ಬೆಳೆಸಿದ್ದ ಈ ಮರದ ಸಾರವನ್ನು ಮನ್ರೋ ವಾಲ್ ಎಂಬ ರಸಾಯನಶಾಸ್ತ್ರಜ್ಞರು ಪರೀಕ್ಷೆಗೆ ಕಳುಹಿಸಿದಾಗ ಅದು ಇಲಿಗಳ ಅರ್ಬುದವನ್ನು ತಡೆದದ್ದು ಕಂಡಿತು. ಅವರೂ, ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿದ ಮನಸುಖ ವಾಣಿಯವರೂ ಕೂಡಿ 1966ರಲ್ಲಿ ಆ ಮರದ ಸತ್ವವನ್ನು ಬೇರ್ಪಡಿಸಿ ಕ್ಯಾಂಪ್ಟೊಥೆಸಿನ್ ಎಂದು ಹೆಸರಿಟ್ಟರು. ಇದೇ ಜೋಡಿ 1971ರಲ್ಲಿ ಇನ್ನೊಂದು ಮರದ ತೊಗಟೆಯಿಂದ ಟ್ಯಾಕ್ಸಾಲನ್ನು ಕಂಡುಹಿಡಿಯಿತು. ಅಂಡಾಶಯದ ಅರ್ಬುದಕ್ಕೂ ಸ್ತನದ ಅರ್ಬುದಕ್ಕೂ ಇಂದು ಲೋಕದ ಎಲ್ಲ ಆಸ್ಪತ್ರೆಗಳಲ್ಲಿ ಕೊಡುವ ಮದ್ದು ಅದು. ನಮ್ಮ ಕತೆಯ ಸೊಸೆಯ ಕೈಗೆ ತೊಟ್ಟಿಕ್ಕುತ್ತಿರುವುದೂ ಅದೇ ಇರಬಹುದು.

1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ಭಾರತೀಯ ವಿಜ್ಞಾನಿಗಳಿಬ್ಬರು ಪಶ್ಚಿಮ ಘಟ್ಟದ ಒಂದು ಚಿಕ್ಕ ಮರದಲ್ಲಿಯೂ ಕ್ಯಾಂಪ್ಟೊಥೆಸಿನ್ ಇರುವುದನ್ನು ಕಂಡರು. ಕನ್ನಡದಲ್ಲಿ ಅದರ ಹೆಸರು ದುರ್ವಾಸನೆ ಮರ. ಚೀನದಲ್ಲಿ ಸಂತೋಷದ ಮರ, ನಮ್ಮಲ್ಲಿ ದುರ್ವಾಸನೆಯ ಮರ: ಹೆಸರಿಡುವುದರಲ್ಲಿ ನಮ್ಮವರು ಸ್ವಲ್ಪ ಜಿಪುಣರೇ ಸರಿ. ಹೂವಿನ ನಾತಕ್ಕೆ ಮೂಗು ಮುಚ್ಚಿಕೊಂಡು ಜನ ದೂರವಿಟ್ಟ ಮರ ಒಮ್ಮೆಲೇ ಬೆಲೆಯುಳ್ಳದ್ದಾಯಿತು. ವ್ಯಾಪಾರಿಗಳು ಘಟ್ಟದ ಕಾಡುಗಳಲ್ಲಿ ಅದನ್ನು ಬುಡಸಹಿತ ಕಿತ್ತು, ಚೆಕ್ಕೆ ಮಾಡಿ ಹೊರದೇಶಗಳಿಗೆ ಸಾಗಿಸಿದರು. ಒಂದು ಕಾಲಕ್ಕೆ ಬೇಡವಾಗಿದ್ದ ಮರ ಇಂದು ಉಳಿಸಿಕೊಳ್ಳಬೇಕಾದ ಮರಗಳ ಸಾಲಿಗೆ ಸೇರಿದೆ.

ಆ ಸತ್ವ ಮಾಡುವ ಕೆಲಸ ಹಗ್ಗ ಹೊಸೆಯುವವರಿಗೆ ಬೇಗ ಅರ್ಥವಾದೀತು. ಎರಡು ಎಳೆ ಹುರಿಗೊಂಡ ಹಗ್ಗವನ್ನು ನಡುವಿನಿಂದ ಬಿಡಿಸಹೊರಟರೆ ಮುಂದಿನ ಭಾಗ ಬಿಗಿದು ಸುತ್ತಿಕೊಳ್ಳುತ್ತದೆ. ಜೀವಕೋಶದೊಳಗಿನ ವಂಶತಂತುವೂ ಹಾಗೆಯೇ ಹುರಿಗೊಂಡದ್ದು. ಕೋಶ ಒಂದು ಎರಡಾಗುವಾಗ ತಂತು ಬಿಚ್ಚಬೇಕು. ಬಿಗಿತ ಸಡಿಲಿಸಲು ಒಂದು ಕಿಣ್ವವು ಒಂದೆಳೆಯನ್ನು ಕತ್ತರಿಸಿ, ಹುರಿ ಬಿಟ್ಟು, ಮರಳಿ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಆ ಬೆಸುಗೆಯ ಕ್ಷಣದಲ್ಲಿ ಸಿಕ್ಕಿಹಾಕಿಕೊಂಡು ತುಂಡು ತುಂಡಾಗಿಯೇ ಉಳಿಯುವಂತೆ ಮಾಡುತ್ತದೆ. ಎಡೆಬಿಡದೆ ಇಮ್ಮಡಿಸುವ ಅರ್ಬುದದ ಕೋಶಕ್ಕೆ ಇದು ಮರಣಶಾಸನ. ಕೂದಲಿನ ಬುಡ, ಕರುಳಿನ ಒಳಪದರ, ಎಲುಬಿನ ಮಜ್ಜೆ ಇವೂ ಬೇಗ ಬೇಗ ಇಮ್ಮಡಿಸುವುದರಿಂದ ಅವುಗಳಿಗೂ ಪೆಟ್ಟು ಬೀಳುತ್ತದೆ.

ಪೆಟ್ಟು ಎಂಥದೆಂಬುದು ಮೊದಲ ಪರೀಕ್ಷೆಗಳಲ್ಲೇ ತಿಳಿಯಿತು. ಮರದ ಸತ್ವವನ್ನು ಹೆಚ್ಚು ಬದಲಿಸದೆ, ಲವಣವಾಗಿ ಮಾತ್ರ ಮಾಡಿ 1970ರ ಸುಮಾರಿಗೆ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವ, ತಡೆಯಲಾಗದ ಭೇದಿ, ವಾಂತಿ. ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಮುಂದೆ 1985ರಲ್ಲಿ ಅದು ಹಿಡಿಯುವ ಕಿಣ್ವ ಯಾವುದೆಂದು ತಿಳಿದ ಮೇಲೆ, ರಸಾಯನಶಾಸ್ತ್ರಜ್ಞರು ಸತ್ವವನ್ನು ತಿದ್ದಿ ಪಳಗಿಸಿದರು. ಹಾಗೆ ಬಂದ ಟೊಪೊಟೆಕಾನ್‌ಗೆ ಅಮೆರಿಕದಲ್ಲಿ 1996ರಲ್ಲಿ ಅಂಡಾಶಯದ ಅರ್ಬುದಕ್ಕೂ, 2006ರಲ್ಲಿ ಇನ್ನೊಂದು ಮದ್ದಿನ ಜೊತೆಯಾಗಿ ಗರ್ಭಕೊರಳಿನ ಮುಂದುವರಿದ ಅರ್ಬುದಕ್ಕೂ ಒಪ್ಪಿಗೆ ದೊರೆಯಿತು. ಮರದಿಂದ ಮದ್ದಿನವರೆಗೆ ಮೂವತ್ತು ವರ್ಷ. ಗ್ರಾಮಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ತೂಗಿ, ರಕ್ತಪರೀಕ್ಷೆ ಮಾಡಿ ಮಾಡಿ ಕೊಡುವ ಮದ್ದು ಇದು. ಘಟ್ಟದ ಮರದಲ್ಲಿ ಅರ್ಬುದದ ಔಷಧವಿದೆಯೆಂದು ಕೇಳಿ ಯಾರಾದರೂ ಅದರ ಚೆಕ್ಕೆಯನ್ನು ಮಡಕೆಗೆ ಹಾಕಿ ಕುದಿಸಿದರೆ, ಮೂವತ್ತು ವರ್ಷ ಪಟ್ಟ ಪಾಡನ್ನು ಒಂದೇ ದಿನ ಅನುಭವಿಸಬೇಕಾದೀತು.

ಸಹಜವಾದದ್ದು ಸೌಮ್ಯವೆಂಬ ನಂಬಿಕೆಗೆ ಇದಕ್ಕಿಂತಲೂ ಕಠಿಣವಾದ ಉತ್ತರ ಬೆಲ್ಜಿಯಂ ದೇಶದ ಸ್ತ್ರೀಯರಿಗೆ ಸಿಕ್ಕಿತು. 1990ರಿಂದ 1992ರ ನಡುವೆ ಬ್ರಸೆಲ್ಸ್ ನಗರದ ಒಂದು ಚಿಕಿತ್ಸಾಲಯದಲ್ಲಿ ಮೈ ಕರಗಿಸಲು ಚೀನೀ ಮೂಲಿಕೆಗಳಿದ್ದ ಗುಳಿಗೆಗಳನ್ನು ಕೊಡುತ್ತಿದ್ದರು. ಸ್ವಲ್ಪ ಕಾಲದಲ್ಲಿಯೇ ನಡುಹರೆಯ ದಾಟದ ಹೆಂಗಸರು ಒಬ್ಬರ ಮೇಲೊಬ್ಬರಂತೆ ಮೂತ್ರಪಿಂಡಗಳು ಕೆಟ್ಟು ಆಸ್ಪತ್ರೆಗೆ ಬರತೊಡಗಿದರು. ವೈದ್ಯರು ಜಾಡು ಹಿಡಿದು ನೋಡಿದಾಗ ಕಂಡದ್ದು ಒಂದು ಹೆಸರಿನ ತಪ್ಪು. ಚೀನೀ ಭಾಷೆಯಲ್ಲಿ ಫಾಂಗ್‌ಜಿ ಎಂಬ ಹೆಸರು ಎರಡು ಬೇರೆ ಬೇರೆ ಬಳ್ಳಿಗಳ ಬೇರಿಗೆ ಸಲ್ಲುತ್ತದೆ. ಹಾನ್ ಫಾಂಗ್‌ಜಿ ಬರಬೇಕಾದಲ್ಲಿ ಗುವಾಂಗ್ ಫಾಂಗ್‌ಜಿ ಬಂದಿತ್ತು. ಎರಡನೆಯದರಲ್ಲಿ ಅರಿಸ್ಟೊಲೊಕಿಕ್ ಆಮ್ಲವೆಂಬ ವಿಷವಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಕೆಟ್ಟ ಮೂತ್ರಪಿಂಡಗಳನ್ನು ಮುನ್ನೆಚ್ಚರಿಕೆಗಾಗಿ ತೆಗೆಸಿಕೊಳ್ಳಲು ಒಪ್ಪಿದ 39 ರೋಗಿಗಳಲ್ಲಿ 18 ಮಂದಿಗೆ ಮೂತ್ರನಾಳದ ಹಾದಿಯಲ್ಲಿ ಅರ್ಬುದ ಆಗಲೇ ಹುಟ್ಟಿತ್ತೆಂದು 2000ದಲ್ಲಿ ಪ್ರಕಟವಾಯಿತು. ಮೈ ಸಣ್ಣಗಾಗಲೆಂದು ನುಂಗಿದ ಬೇರು ಅರ್ಬುದವನ್ನೇ ತಂದಿಟ್ಟಿತ್ತು.

ಹಾಲೆ ಯಾವುದು, ಕಾಸರಕ ಯಾವುದೆಂದು ಹಗಲಿನಲ್ಲಿಯೇ ನೋಡಿಕೊಂಡು ಬರುವ ಕನ್ಯಾನದ ಹಿರಿಯರಿಗೆ ಈ ಕತೆ ವಿಚಿತ್ರವಾಗಿ ತೋರದು. ಆದರೆ ಇದರಲ್ಲಿ ಅವರಿಗೂ ಹೊಸದಾದ ಒಂದು ಸಂಗತಿಯಿದೆ. ಅದೇ ಕುಲದ ಬಳ್ಳಿ ನಮ್ಮ ಬೇಲಿಗಳಲ್ಲಿಯೂ ಹಬ್ಬುತ್ತದೆ. ಅದು ಈಶ್ವರಿ ಬೇರು. ಹಾವು ಕಚ್ಚಿದರೆ, ಜ್ವರ ಬಂದರೆ, ಹೊಟ್ಟೆ ಕೆಟ್ಟರೆ ನಾಟಿ ವೈದ್ಯರ ಚೀಲದಿಂದ ಹೊರಬರುವ ಬೇರು. ಕರ್ನಾಟಕದ ರಾಜ್ಯಚಿಟ್ಟೆಯೆನಿಸಿದ ದೊಡ್ಡ ರೆಕ್ಕೆಯ ಹಳದಿ–ಕಪ್ಪು ಚಿಟ್ಟೆ ಮೊಟ್ಟೆಯಿಡುವುದು ಈ ಕುಲದ ಬಳ್ಳಿಗಳ ಮೇಲೆಯೇ. ಮರಿಹುಳು ಎಲೆಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತದೆ. ಹಕ್ಕಿಗೆ ಗೊತ್ತಿರುವುದು ನಮಗೆ ತಿಳಿಯಲು 2002ರ ವರೆಗೆ ಕಾಯಬೇಕಾಯಿತು. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ಈ ಕುಲದ ಸಸ್ಯಗಳಿರುವ ಮೂಲಿಕೆ ಮದ್ದುಗಳು ಮನುಷ್ಯರಲ್ಲಿ ಅರ್ಬುದವನ್ನು ಹುಟ್ಟಿಸುತ್ತವೆಂದು ತೀರ್ಮಾನಿಸಿತು. ಅದೇ ವಿಭಾಗವು ಮರುವರ್ಷ ಅಡಕೆಯ ಮೇಲೂ ಅದೇ ತೀರ್ಪನ್ನು ಕೊಟ್ಟಿತು. ಅಡಕೆಯನ್ನೇ ನಂಬಿ ಬದುಕುವ ಊರಿಗೆ ಈ ಮಾತು ಹಿತವಲ್ಲ. ಆದರೆ ಸೊಸೆಗೆ ಕಷಾಯ ಕುದಿಸುತ್ತ ಕೂತ ಅತ್ತೆಯ ಬಾಯಿಯಲ್ಲಿಯೂ ಒಂದು ಕವಳವಿರುತ್ತದಲ್ಲ, ಅದಕ್ಕಾಗಿ ಹೇಳಬೇಕಾಯಿತು.

ಇನ್ನು ಆ ಪಾತ್ರೆಯೊಳಗಿನ ಮಿಕ್ಕ ಬೇರುಗಳು. ಡಾಂಗ್‌ಗುಯಿ ಬೇರಿನ ನೀರುಸಾರವನ್ನು ಪ್ರಯೋಗಶಾಲೆಯಲ್ಲಿ ಸ್ತನದ ಅರ್ಬುದದ ಕೋಶಗಳಿಗೆ ಕೊಟ್ಟಾಗ ಅವು ಕುಗ್ಗುವ ಬದಲು ಹೆಚ್ಚಿದ್ದುಂಟು. ಗಾಜಿನ ಪಾತ್ರೆಯಲ್ಲಿ ಆದದ್ದೆಲ್ಲ ದೇಹದಲ್ಲಿ ಆಗಬೇಕೆಂದಿಲ್ಲ. ಆದರೂ ಸ್ತ್ರೀರಸದಿಂದ ಪೋಷಣೆ ಪಡೆಯುವ ಜಾತಿಯ ಗಂಟಿದ್ದವರು ಅದನ್ನು ದೂರವಿಡಬೇಕೆಂದು ವೈದ್ಯರು ಹೇಳುವುದಕ್ಕೆ ಇದು ಸಾಕು. ಬಾಣಂತಿಗೆ ಹಾಲು ಹೆಚ್ಚಲೆಂದು ನಮ್ಮವರು ಕೊಡುವ ಹಲವು ಮಕ್ಕಳ ಬೇರಿನ, ಅಂದರೆ ಶತಾವರಿಯ, ವಿಷಯದಲ್ಲಿಯೂ ಇದೇ ಶಂಕೆ. ಮೇಲಾಗಿ ಡಾಂಗ್‌ಗುಯಿ ರಕ್ತವನ್ನು ತೆಳುಗೊಳಿಸುವ ವಾರ್ಫರಿನ್ ಮಾತ್ರೆಯ ಬಲವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿಮಾಡುತ್ತದೆ. ಅಮೃತಬಳ್ಳಿಯನ್ನು ರೋಗನಿರೋಧಕವೆಂದು ತಿಂಗಳುಗಟ್ಟಲೆ ಸೇವಿಸಿದ ಕೆಲವರ ಯಕೃತ್ತು ಕೆಟ್ಟದ್ದನ್ನು ಕೊರೋನಾ ಕಾಲದಲ್ಲಿ ಮುಂಬಯಿಯ ವೈದ್ಯರು ಕಂಡು 2021ರಲ್ಲಿ ಪ್ರಕಟಿಸಿದರು. ರಾಸಾಯನಿಕ ಮದ್ದನ್ನು ಅರಗಿಸುವ ಹೊರೆಯೂ ಅದೇ ಯಕೃತ್ತಿನ ಮೇಲಿರುತ್ತದೆ. ಆಟಿಯ ಮಳೆಯಲ್ಲಿ ಅಟ್ಟದ ಮೇಲಿಟ್ಟ ಅಡಕೆಗೆ ಹಿಡಿಯುವ ಬೂಷ್ಟು ಒಣಬೇರಿಗೂ ಹಿಡಿಯುತ್ತದೆಂಬುದು ಇನ್ನೊಂದು ಮಾತು. ಬಿಳಿಯ ರಕ್ತಕಣಗಳು ಇಳಿದುಹೋದ ದೇಹಕ್ಕೆ ಅದರ ಹುಡಿಯೂ ಶತ್ರುವೇ.

ಕೆಲವು ಮೂಲಿಕೆಗಳ ಕೆಲಸ ತಿರುಗುಮುರುಗಾಗಿರುತ್ತದೆ. ಅವು ವಿಷ ಸೇರಿಸುವುದಿಲ್ಲ, ಮದ್ದನ್ನೇ ಕದಿಯುತ್ತವೆ. ಯೂರೋಪಿನಲ್ಲಿ ಮನಸ್ಸಿನ ಬೇಸರಕ್ಕೆ ಸೇವಿಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವಿನ ಗಿಡವನ್ನು, ಸಂತೋಷದ ಮರದಿಂದಲೇ ಬಂದ ಐರಿನೊಟೆಕಾನ್ ಮದ್ದಿನ ಜೊತೆಗೆ ಕೊಟ್ಟು 2002ರಲ್ಲಿ ಪರೀಕ್ಷಿಸಿದರು. ಯಕೃತ್ತು ಚುರುಕಾಗಿ ಮದ್ದನ್ನು ಹೊರಹಾಕಿ, ರಕ್ತದಲ್ಲಿ ಅದರ ಕೆಲಸಮಾಡುವ ಅಂಶ ನೂರಕ್ಕೆ 42ರಷ್ಟು ತಗ್ಗಿತು. ವೈದ್ಯರು ತೂಗಿ ಕೊಟ್ಟದ್ದರಲ್ಲಿ ಅರ್ಧದಷ್ಟು ರೋಗಿಗೆ ಮುಟ್ಟಲೇ ಇಲ್ಲ. ರೋಗಿ ಹೇಳದಿದ್ದರೆ ವೈದ್ಯರು ಏನೆಂದು ತಿಳಿಯಬೇಕು? ಮದ್ದು ನಾಟಲಿಲ್ಲವೆಂದುಕೊಂಡು ಇನ್ನೂ ಉಗ್ರವಾದುದಕ್ಕೆ ಕೈಹಾಕುತ್ತಾರೆ.

ಇಷ್ಟನ್ನು ಕೇಳಿ ಕಷಾಯವೇ ಕೊಲ್ಲುತ್ತದೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವೈದ್ಯರು 2018ರಲ್ಲಿ ಎರಡು ಲೆಕ್ಕಗಳನ್ನು ಪ್ರಕಟಿಸಿದರು. ಆಸ್ಪತ್ರೆಯ ಚಿಕಿತ್ಸೆಯನ್ನು ಪೂರ್ತಿ ಬಿಟ್ಟು ಬೇರೆ ದಾರಿ ಹಿಡಿದ ಸ್ತನದ ಅರ್ಬುದದ ರೋಗಿಗಳಲ್ಲಿ ಸಾವಿನ ಅಪಾಯ ಐದು ಪಟ್ಟಿಗಿಂತ ಹೆಚ್ಚಿತ್ತು. ಎರಡನೆಯ ಲೆಕ್ಕ ಎರಡನ್ನೂ ಜೊತೆಗೆ ನಡೆಸಿದವರದು. ಅವರಲ್ಲಿಯೂ ಸಾವು ಹೆಚ್ಚೇ ಕಂಡಿತು. ಕೆದಕಿ ನೋಡಿದರೆ ಕಾರಣ ಮೂಲಿಕೆಯಲ್ಲಿರಲಿಲ್ಲ. ಮೂಲಿಕೆಯ ಧೈರ್ಯದಿಂದ ಅವರಲ್ಲಿ ನೂರಕ್ಕೆ 34 ಮಂದಿ ರಾಸಾಯನಿಕ ಚಿಕಿತ್ಸೆಯನ್ನು ನಿರಾಕರಿಸಿದ್ದರು. ಇತರರಲ್ಲಿ ನಿರಾಕರಿಸಿದವರು ನೂರಕ್ಕೆ 3 ಮಾತ್ರ. ಬಿಟ್ಟ ಚಿಕಿತ್ಸೆಯನ್ನು ಲೆಕ್ಕದಿಂದ ಕಳೆದರೆ ಇಬ್ಬರ ನಡುವೆ ವ್ಯತ್ಯಾಸ ಉಳಿಯಲಿಲ್ಲ.

ತಪ್ಪೆಲ್ಲ ಅತ್ತೆಯದೇ ಎಂದು ತೀರ್ಪು ಕೊಡುವುದು ಸುಲಭ, ನ್ಯಾಯವಲ್ಲ. ಅವಳ ಕಷಾಯದಲ್ಲಿ ಬೇರಿಗಿಂತ ಹೆಚ್ಚಾಗಿ ಕುದಿಯುತ್ತಿರುವುದು ಅಕ್ಕರೆ. ಆಸ್ಪತ್ರೆಯಲ್ಲಿ ಎಲ್ಲವನ್ನೂ ಪರರು ಮಾಡುತ್ತಾರೆ. ಮನೆಯವರ ಪಾಲಿಗೆ ಕಾಯುವುದಲ್ಲದೆ ಕೆಲಸವಿಲ್ಲ. ಒಲೆಯ ಮುಂದೆ ಕೂತು ಏನನ್ನಾದರೂ ಕುದಿಸುವಾಗ ಮಾತ್ರ ತಾನೂ ಸೊಸೆಯನ್ನು ಉಳಿಸುವವರಲ್ಲಿ ಒಬ್ಬಳೆಂದು ಅವಳಿಗೆ ಅನಿಸುತ್ತದೆ. ನೂರು ರೋಗಿಗಳ ನಡುವೆ ಬಸವಳಿದ ವೈದ್ಯರು ಕಷಾಯದ ಮಾತೆತ್ತಿದವರನ್ನು ಒಮ್ಮೆ ಗದರಿಸಿಬಿಟ್ಟರೆ ಸಾಕು, ಆ ಊರಿನ ಹತ್ತು ಮನೆಯವರು ಮುಂದೆ ಬಾಯಿ ಬಿಡುವುದಿಲ್ಲ. “ಏನಿಲ್ಲ, ಡಾಕ್ಟ್ರೇ” ಎಂಬ ಉತ್ತರವನ್ನು ಹೀಗೆ ಇಬ್ಬರೂ ಕೂಡಿಯೇ ತಯಾರಿಸಿದ್ದಾರೆ.

ಕತೆಯ ಸೊಸೆ ಮುಂದಿನ ಸಲ ಮಂಗಳೂರಿಗೆ ಹೊರಟಾಗ ಅತ್ತೆಗೆ ಹೇಳಿಯೇ ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿಕೊಂಡಳು: ಹಿತ್ತಲಿನ ಬೇರು, ಬೇಲಿಯ ಬಳ್ಳಿ, ಸಿಂಗಾಪುರದ ಪೊಟ್ಟಣ, ಆ ಚೀಟಿ. ವೈದ್ಯರ ಮೇಜಿನ ಮೇಲೆ ಅದನ್ನು ಬಿಚ್ಚಿದಾಗ ಕೋಣೆಯಲ್ಲಿ ಘಾಟು ವಾಸನೆ ತುಂಬಿತು. ವೈದ್ಯರು ಗದರಿಸಲಿಲ್ಲ. ಚೀಟಿಯ ಚಿತ್ರ ತೆಗೆದುಕೊಂಡು, ಹೆಸರುಗಳನ್ನು ಒಂದೊಂದಾಗಿ ಅವಳ ಕಾಗದದಲ್ಲಿ ಬರೆಸಿದರು. ಕಂದು ಬೇರನ್ನೂ ಹಲವು ಮಕ್ಕಳ ಬೇರನ್ನೂ ಅಮೃತಬಳ್ಳಿಯನ್ನೂ ಬದಿಗೆ ಸರಿಸಿದರು. ಹಳದಿ ಪಟ್ಟಿಗಳನ್ನು ಚಿಕಿತ್ಸೆ ಮುಗಿಯುವವರೆಗೆ ತೆಗೆದಿಡಲು ಹೇಳಿದರು. ಶುಂಠಿಯ ತುಂಡೊಂದು ಉಳಿಯಿತು. ಅತ್ತೆ ಅದನ್ನೇ ನೋಡುತ್ತ ನಿಂತಿದ್ದಳು.

“ಇದನ್ನು ಕೊಡಿ ಅಮ್ಮ,” ಎಂದರು ವೈದ್ಯರು. “ಬೆಳಗ್ಗೆ ಸ್ವಲ್ಪ, ಗಂಜಿಗೆ ಮೊದಲು. ಗುಳಿಗೆ ಬಿಡಬಾರದು.”

ಅತ್ತೆ ಆ ತುಂಡನ್ನು ಸೆರಗಿನ ತುದಿಯಲ್ಲಿ ಗಂಟುಹಾಕಿಕೊಂಡಳು.